ಬಲೆ ಒಡ್ಡಬೇಕಾದ ಜಾಗ

ಇನ್‌ಸೋನ್‌ನ ಗಾಡಿ ಪ್ರೇ ಪಟ್ಟಣದ ಬಸ್ ನಿಲ್ದಾಣದಿಂದ ಡೋನ್‌ಮುನ್ ಊರಿಗೆ ದಿನಕ್ಕೆ ಮೂರು ಸಲ ಹೋಗಿ ಬರುತ್ತಿತ್ತು. ಅದೊಂದು ಸಣ್ಣ ಟ್ರಕ್ಕು: ಹಿಂದೆ ಎದುರುಬದುರಾಗಿ ಎರಡು ಬೆಂಚು, ತಲೆಯ ಮೇಲೊಂದು ತಗಡು, ಇಳಿಯುವವರು ಒತ್ತುವ ಗಂಟೆ, ಬಾಗಿಲಿಲ್ಲದ ಹಿಂಬದಿಗೆ ಹತ್ತಲು ಒಂದು ಕಬ್ಬಿಣದ ಮೆಟ್ಟಿಲು. ಅಷ್ಟೇ ಆದರೂ ಡೋನ್‌ಮುನ್‌ನವರ ಪಾಲಿಗೆ ಅದೇ ಬಸ್ಸು. ಬೆಳಿಗ್ಗೆ ಸೊಪ್ಪಿನ ಕಟ್ಟು, ಕೋಳಿ, ನೀಲಿಯಲ್ಲಿ ಅದ್ದಿದ ಬಟ್ಟೆಯ ಗಂಟು ಹೊತ್ತು ಹೆಂಗಸರು ಅದನ್ನು ಹತ್ತುತ್ತಿದ್ದರು. ಸಂಜೆ ಉಪ್ಪು, ಸೋಪು, ಮಕ್ಕಳಿಗೆ ತಿಂಡಿ ಹಿಡಿದು ಅದರಲ್ಲೇ ಮರಳುತ್ತಿದ್ದರು.

ಇನ್‌ಸೋನ್ ಪ್ರಾಯದಲ್ಲಿ ಕೆಲವು ವರ್ಷ ಕಾವಿ ಉಟ್ಟವನು. ಈಗಲೂ ವಿಹಾರದಲ್ಲಿ ಊರಿನವರ ಮುಂದೆ ಕೂತು ಪ್ರಾರ್ಥನೆ ಹೇಳಿಕೊಡುವವನು ಅವನೇ. ಹೋದ ವರ್ಷ ಹೆಂಡತಿ ತೀರಿಕೊಂಡಳು. ಅಂದಿನಿಂದ ಅವನು ಪ್ರತಿ ಬೆಳಿಗ್ಗೆ ಭಿಕ್ಷುಗಳ ಪಾತ್ರೆಗೆ ಅನ್ನ ನೀಡುವುದು, ಆ ಪುಣ್ಯ ಅವಳಿಗೆ ಸೇರಲಿ ಎಂದು ಬೆರಳ ಮೇಲಿಂದ ಮರದ ಬುಡಕ್ಕೆ ನೀರು ಬಿಡುವುದು, ಆಮೇಲೆಯೇ ಗಾಡಿ ತೆಗೆಯುವುದು. ಅವನ ಗಾಡಿಯಲ್ಲಿ ಹೋದವರ ಬಗ್ಗೆ ಮನೆಯವರು ಚಿಂತೆ ಮಾಡುತ್ತಿರಲಿಲ್ಲ.

ಹೆಂಡತಿ ಹೋದ ಮೇಲೆ ಅವನ ಹೊಟ್ಟೆಯ ಚಿಂತೆ ಮಾಡಿದವಳು ಸೀನುವಾನ್ ಅಜ್ಜಿ. ಸಂತೆಯಲ್ಲಿ ಅಣಬೆ, ಬಿದಿರ ಕಳಲೆ ಮಾರುವ ಮುದುಕಿ. ಬೆಳಿಗ್ಗೆ ಹತ್ತುವಾಗ ಕಿಟಕಿಯಿಂದ ಒಂದು ಬಾಳೆಯೆಲೆಯ ಪೊಟ್ಟಣ ಒಳಗೆ ಹಾಕುತ್ತಿದ್ದಳು. ಒಳಗೆ ಅಂಟಕ್ಕಿಯ ಅನ್ನ, ಸುಟ್ಟ ಮೆಣಸಿನಕಾಯಿಯ ಚಟ್ನಿ. ನಿನಗಾಗಿ ಅಲ್ಲ, ಹಸಿದವನು ಗಾಡಿ ಹೊಡೆದರೆ ನನ್ನ ಸೊಂಟ ಮುರೀತದೆ ಎಂದು ನಗುತ್ತಿದ್ದಳು.

ಹೀಗಿರುವಾಗ, ಮಳೆಗಾಲ ಮುಗಿಯುತ್ತ ಬಂದ ಒಂದು ಸಂಜೆ, ಬ್ಯಾಂಕಾಕಿಗೆ ಹೋಗುವ ದೊಡ್ಡ ಬಸ್ಸು ಹಿಡಿಯಬೇಕಾದ ಒಂದು ಕುಟುಂಬ ಡೋನ್‌ಮುನ್‌ನಲ್ಲಿ ಇನ್‌ಸೋನ್‌ಗಾಗಿ ಕಾದಿತ್ತು. ಅವರನ್ನು ಪಟ್ಟಣಕ್ಕೆ ತಲುಪಿಸಬೇಕಿದ್ದ ಅವನಿಗೆ ಪಟ್ಟಣ ಬಿಡುವಾಗಲೇ ತಡವಾಗಿತ್ತು. ಉಳಿದವರೆಲ್ಲ ದಾರಿಯ ಊರುಗಳಲ್ಲಿ ಇಳಿದು, ಹಿಂದೆ ಉಳಿದವಳು ಸೀನುವಾನ್ ಅಜ್ಜಿ ಒಬ್ಬಳೇ. ತೇಗದ ತೋಪಿನ ನಡುವೆ ರಸ್ತೆ ಕೊಕ್ಕೆಯಂತೆ ತಿರುಗುವ ಜಾಗದಲ್ಲಿ ಅವನು ಯಾವತ್ತೂ ನಿಧಾನ ಮಾಡುತ್ತಿದ್ದ. ಅಂದು ಮಾಡಲಿಲ್ಲ. ತಿರುವು ದಾಟಿ ಕನ್ನಡಿ ನೋಡಿದರೆ ಹಿಂದಿನ ಬೆಂಚು ಬರಿದಾಗಿತ್ತು.

ಓಡಿ ಬಂದ. ಅಜ್ಜಿ ರಸ್ತೆಯ ಪಕ್ಕ ಒಣಗಿದ ತೇಗದೆಲೆಗಳ ಮೇಲೆ ಕೂತಿದ್ದಳು. ಕೈಕಾಲು ನೆಟ್ಟಗಿದ್ದವು, ಮೊಣಕೈ ಮಾತ್ರ ತರಚಿತ್ತು. ಕಣ್ಣು ತೆರೆದೇ ಇತ್ತು, ಆದರೆ ಅವನ ಗುರುತು ಆ ಕಣ್ಣಿಗೆ ಹತ್ತಲಿಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆಯ ಬಾಗಿಲಿಗೆ ತಂದ. ಮಗಳು ಚಾನ್‌ಸೋಮ್ ಹೊರಗೆ ಓಡಿ ಬಂದಳು. ಏನಾಯಿತು ಎಂದು ಅವಳು ಕೇಳಿದಾಗ ಅವನ ಬಾಯಿಗೆ ಬಂದದ್ದು, ಇಲ್ಲೇ, ನಿಮ್ಮ ಗೇಟಿನ ಮುಂದೆ ಇಳಿಯುವಾಗ ಮೆಟ್ಟಿಲು ಜಾರಿ ಬಿದ್ದಳು ಎಂಬ ಮಾತು. ಯೋಚಿಸಿ ಆಡಿದ್ದಲ್ಲ. ಆಡಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಓಡುವ ಗಾಡಿಯಿಂದ ಜನ ಬಿದ್ದರೆ ಡ್ರೈವರನನ್ನು ಓಡಾಟದ ಸರದಿಯಿಂದ ತೆಗೆಯುವುದು ಗಾಡಿಯವರ ಸಂಘದ ಕಟ್ಟಳೆ.

ಚಾನ್‌ಸೋಮ್ ಅವನ ಎರಡೂ ಕೈ ಹಿಡಿದು, ಅಣ್ಣ, ನೀನಿದ್ದದ್ದಕ್ಕೆ ಎತ್ತಿ ಕೂರಿಸಿದೆ, ಬೇರೆಯವನಾಗಿದ್ದರೆ ನೋಡದೆ ಹೋಗುತ್ತಿದ್ದ ಎಂದು ಕಣ್ಣೀರು ಹಾಕಿದಳು.

ಅಜ್ಜಿಯ ಗಾಯ ಬೇಗ ಮಾಯಿತು. ಅಜ್ಜಿ ಮಾತ್ರ ಮರಳಲಿಲ್ಲ. ಇಟ್ಟ ಕಡೆ ಕೂತಿರುವಳು, ಕರೆದರೆ ಬೆಚ್ಚುವಳು, ಅನ್ನ ಬಾಯಿಗಿಟ್ಟರೆ ನುಂಗಲು ಮರೆಯುವಳು. ಡಾಕ್ಟರು ನೋಡಿ ಎಲ್ಲ ಸರಿಯಿದೆ ಎಂದರು. ಊರಿನವರಿಗೆ ಡಾಕ್ಟರು ಹೇಳಬೇಕಾಗಿರಲಿಲ್ಲ. ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವಾನ್‌ಗಳು, ಅಂದರೆ ಕಣ್ಣಿಗೆ ಕಾಣದ ಪುಟ್ಟ ಚೈತನ್ಯಗಳು, ಮನೆ ಮಾಡಿಕೊಂಡಿರುತ್ತವೆ. ಜೀವ ಇದ್ದ ಹಾಗೇ ಇರುತ್ತದೆ, ಆದರೆ ಗಾಬರಿಯಾದಾಗ ಒಂದು ಖ್ವಾನ್ ಹಕ್ಕಿಮರಿಯ ಹಾಗೆ ಮೈಯಿಂದ ಹಾರಿಬಿಡುತ್ತದೆ. ಹಾರಿದ್ದು ಬಹಳ ದೂರ ಹೋಗುವುದಿಲ್ಲ. ಗಾಬರಿಯಾದ ಜಾಗದಲ್ಲೇ ದಾರಿ ತಿಳಿಯದೆ ಕೂತಿರುತ್ತದೆ. ಮನೆಯವರು ಅಲ್ಲಿಗೆ ಹೋಗಿ, ಹೆಸರು ಹಿಡಿದು ಕರೆದು, ಮೀನು ಹಿಡಿಯುವ ಕೈಬಲೆಯಲ್ಲಿ ಅದನ್ನು ಎತ್ತಿ ತರಬೇಕು. ಹುಳವೋ ಜೇಡವೋ, ಯಾವುದಾದರೂ ಸಣ್ಣ ಜೀವ ತಾನಾಗಿ ಬಲೆಯೊಳಗೆ ಬಂದರೆ ಖ್ವಾನ್ ಬಂತೆಂದು ಅರ್ಥ.

ಚಾನ್‌ಸೋಮ್ ಬಲೆ ಹಿಡಿದಳು. ಮಂತ್ರ ಹೇಳಲು ವಿಹಾರದ ಹಿರಿಯ ಕಾಮ್‌ಪುನ್ ತಾತ ಬಂದ. ಮೊಟ್ಟೆ, ಬಾಳೆಹಣ್ಣು, ಅನ್ನದ ಉಂಡೆ ಇಟ್ಟು ಗೇಟಿನ ಮುಂದೆ ಕರೆದರು. ಬಿದ್ದಾಗ ಕಂಡವನು ಅವನೊಬ್ಬನೇ ಎಂದು ಇನ್‌ಸೋನ್‌ನನ್ನೂ ಕರೆಸಿದ್ದರು. ಕಾಲು ಜಾರಿದ್ದು ಸರಿಯಾಗಿ ಎಲ್ಲಿ ಎಂದು ತಾತ ಕೇಳಿದ. ಇನ್‌ಸೋನ್ ನೆಲದ ಒಂದು ಕಡೆ ಬೆರಳು ತೋರಿಸಿದ. ಚಾನ್‌ಸೋಮ್ ಅಲ್ಲೇ ಮಂಡಿಯೂರಿ ಗಂಟಲು ಕಟ್ಟುವವರೆಗೂ ಅಮ್ಮನನ್ನು ಕರೆದಳು. ಬಲೆಗೆ ಧೂಳು ಬಿಟ್ಟು ಬೇರೇನೂ ಬರಲಿಲ್ಲ. ಇನ್ನೊಂದು ಒಳ್ಳೆಯ ದಿನ ನೋಡಿ ಮತ್ತೆ ಮಾಡಿದರು. ಆಗಲೂ ಇನ್‌ಸೋನ್ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದ. ಬಲೆ ಕೊಡವಿ ನೋಡಿ ಕಾಮ್‌ಪುನ್ ತಾತ ತಲೆಯಾಡಿಸಿದ.

"ಇಲ್ಲಿ ಏನೂ ಇಲ್ಲ ಮಗಳೇ. ಒಂದು ಕಡೆ ಮಡಕೆ ಒಡೆದು ಇನ್ನೊಂದು ಕಡೆ ಚೂರು ಹುಡುಕಿದ ಹಾಗಿದೆ."

ತಾತ ಯಾರನ್ನೂ ನೋಡಿ ಹೇಳಿದ್ದಲ್ಲ. ಆದರೂ ಇನ್‌ಸೋನ್ ಮುಗಿದಿದ್ದ ಕೈ ಬಿಟ್ಟು ಗಾಡಿಯ ಕಡೆ ಹೊರಟ.

ಅಂದಿನಿಂದ ಅವನು ಗಾಡಿಯನ್ನು ಎಲ್ಲ ತಿರುವಿನಲ್ಲೂ ನಡಿಗೆಯ ವೇಗದಲ್ಲೇ ಒಯ್ಯುತ್ತಿದ್ದ. ಸಂತೆಗೆ ತಡವಾಗುವ ಹೆಂಗಸರು ಸುಮ್ಮನಿರುತ್ತಾರೆಯೇ?

"ಇನ್‌ಸೋನಣ್ಣ, ಎಂಜಿನ್ ಮಾರ್ಕೊಂಡು ಎಮ್ಮೆ ಕಟ್ಟಿದೀಯಾ?" ಎಂದು ಒಬ್ಬಳು ಕೂಗಿದರೆ ಇನ್ನೊಬ್ಬಳು, "ಬಿಡೇ, ಎಮ್ಮೆಯಾದ್ರೆ ಇಷ್ಟೊತ್ತಿಗೆ ಪಟ್ಟಣ ಮುಟ್ಟಿ ಮೇಯ್ತಿತ್ತು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಸೀನುವಾನ್ ಅಜ್ಜಿ ಬಿದ್ದ ಮೇಲೆ ಅವನಿಗೆ ಜನರ ಮೇಲೆ ಕಾಳಜಿ ಹೆಚ್ಚಾಗಿದೆ, ಒಳ್ಳೆಯ ಮನುಷ್ಯ ಎಂದು ಯಾರೋ ಅವನ ಪರ ವಹಿಸುತ್ತಿದ್ದರು. ಅವನಿಗೆ ನಗುವಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಬೆಳಿಗ್ಗೆ ಮರದ ಬುಡಕ್ಕೆ ನೀರು ಬಿಡುವಾಗ ಕೈ ತಡೆಯಿತು. ಆ ಬೆರಳಿಂದಲೇ ತಾನು ಗೇಟಿನ ಮುಂದಿನ ನೆಲ ತೋರಿಸಿದ್ದು. ಆ ಬೆರಳ ಮೇಲಿಂದ ಇಳಿದ ನೀರು ಹೆಂಡತಿಗೆ ಮುಟ್ಟೀತೇ? ಮುಟ್ಟಿದರೆ, ಅದರ ಜೊತೆಗೆ ತನ್ನ ಸುಳ್ಳೂ ಮುಟ್ಟೀತೇ? ಅವಳು ಬದುಕಿದ್ದಾಗ ಅವಳ ಮುಂದೆ ಒಂದು ಮಾತನ್ನೂ ಮುಚ್ಚಿಡಲು ಅವನಿಗೆ ಆಗಿರಲಿಲ್ಲ.

ಹೇಳದೆಯೇ ಸರಿಪಡಿಸಬಹುದೇನೋ ಎಂದು ಕೊನೆಗೆ ಒಂದು ಉಪಾಯ ಹೂಡಿದ. ಗಾಡಿ ಖಾಲಿಯಾಗಿದ್ದ ಒಂದು ಮಧ್ಯಾಹ್ನ ಸ್ವಂತ ಬಲೆ ತಂದು ತೇಗದ ತೋಪಿನಲ್ಲಿ ಇಳಿದ. ತನಗೆ ಗೊತ್ತಿದ್ದ ಮಂತ್ರವೆಲ್ಲ ಹೇಳಿ, ಬಾ ಅಜ್ಜಿ, ಮನೆಗೆ ಹೋಗೋಣ ಬಾ ಎಂದು ಕರೆದ. ತೋಪು ಗಾಳಿಯಿಲ್ಲದೆ ನಿಂತಿತ್ತು. ಎಲೆಗಳ ಮೇಲೆ ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಒಂದಾದರೂ ಸಾಲು ಬಿಟ್ಟು ಬಲೆಯ ಕಡೆ ಬರಲಿಲ್ಲ. ಯಾವನಿಂದ ಹೆದರಿ ಓಡಿತೋ ಅವನ ದನಿಗೆ ಅದು ಯಾಕೆ ಬಂದೀತು? ಅವನು ಬಲೆ ಮಡಚಿಕೊಂಡು ಗಾಡಿ ಹತ್ತಿದ.

ಅಜ್ಜಿ ಗಂಜಿಯನ್ನೂ ನಿಲ್ಲಿಸಿದ ಸುದ್ದಿ ಗಾಡಿಯಲ್ಲೇ ಅವನ ಕಿವಿಗೆ ಬಿತ್ತು. ಮರುದಿನ ಚಾನ್‌ಸೋಮ್ ಮತ್ತು ಕಾಮ್‌ಪುನ್ ತಾತ ಪಟ್ಟಣದಲ್ಲಿ ಪೂಜೆಯ ಸಾಮಾನು ಕೊಂಡು ಅವನ ಕೊನೆಯ ಸರದಿಯ ಗಾಡಿ ಹತ್ತಿದರು. ಚಾನ್‌ಸೋಮ್‌ಳ ಮಡಿಲಲ್ಲಿ ಪಟ್ಟಣದ ವಿಹಾರದಲ್ಲಿ ಮಂತ್ರಿಸಿ ತಂದ ಅಜ್ಜಿಯ ನೀಲಿ ಅಂಗಿ, ಪಕ್ಕದಲ್ಲಿ ಹೊಸದಾಗಿ ಕೊಂಡ ಬಲೆ. ಇದು ಮೂರನೆಯದು, ಇದಕ್ಕೂ ಬರದಿದ್ದರೆ ಮತ್ತೆ ಕರೆಯುವ ಪದ್ಧತಿಯಿಲ್ಲ ಎಂದು ತಾತ ಅವಳಿಗೆ ಹೇಳುತ್ತಿದ್ದುದು ಮುಂದೆ ಕೂತವನಿಗೂ ಕೇಳಿಸಿತು.

ಒಬ್ಬೊಬ್ಬರಾಗಿ ಜನ ಇಳಿದರು. ತೇಗದ ತೋಪು ಬಂತು. ಇನ್‌ಸೋನ್ ಗಾಡಿ ನಿಲ್ಲಿಸಿದ. ಇಳಿದು ಹಿಂದೆ ಬಂದು ಮೆಟ್ಟಿಲ ಬಳಿ ನಿಂತ. ಗಾಡಿ ಕೆಟ್ಟಿತೇ ಎಂದು ಚಾನ್‌ಸೋಮ್ ಕೇಳಿದಳು.

"ಇಲ್ಲ. ಅಜ್ಜಿ ಬಿದ್ದದ್ದು ನಿಮ್ಮ ಗೇಟ್ ಹತ್ರ ಅಲ್ಲ, ತಂಗಿ. ಇಲ್ಲಿ. ನಾನು ತಿರುವಲ್ಲಿ ಜೋರಾಗಿ ಹೊಡ್ದೆ. ಬಿದ್ದದ್ದೂ ನಂಗೆ ಗೊತ್ತಾಗ್ಲಿಲ್ಲ. ಆಮೇಲೆ ಬಂದು ಎತ್ತಿದೆ."

ಅವಳು ಅವನ ಮುಖವನ್ನೇ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡಿದ್ದ. ಅವಳ ದನಿ ಏರಲೇ ಇಲ್ಲ.

"ಎರಡು ಸಲ ನಾನು ಮಂಡಿಯೂರಿ ಕರೆದೆ. ನೀನು ಪಕ್ಕದಲ್ಲಿ ಕೈ ಮುಗ್ದು ನಿಂತಿದ್ದೆ."

"ಹೌದು."

"ನಿನ್ನ ಹೆಸರಲ್ಲಿ ವಿಹಾರದಲ್ಲಿ ದೀಪ ಹಚ್ಚಿಸಿ ಬಂದಿದೀನಿ, ಅಣ್ಣ. ಒಳ್ಳೇದಾಗ್ಲಿ ಅಂತ."

ಕಾಮ್‌ಪುನ್ ತಾತ ನಿಧಾನವಾಗಿ ಕೆಳಗಿಳಿದು, ಅದೆಲ್ಲ ಆಮೇಲೆ, ಈಗ ಬೆಳಕು ಹೋಗುತ್ತಿದೆ, ಜಾಗ ತೋರಿಸು ಎಂದ. ಇನ್‌ಸೋನ್ ಎಲೆಗಳ ನಡುವೆ ಹೋಗಿ ತೋರಿಸಿದ. ಎಂಜಿನ್ ಆರಿಸಿ ದೂರ ನಿಲ್ಲು, ಈ ಗಾಡಿಯ ಸದ್ದಿಗೇ ಅದು ಹೆದರಿದ್ದು ಎಂದು ತಾತ ಅವನನ್ನು ಕಳಿಸಿದ.

ದೂರದಿಂದಲೇ ಅವನು ನೋಡಿದ. ಚಾನ್‌ಸೋಮ್ ಎಲೆಗಳ ಮೇಲೆ ಬಲೆಯಾಡಿಸುತ್ತ ಕರೆಯುತ್ತಿದ್ದಳು. ಅಮ್ಮಾ ಬಾ, ಕಾಡಲ್ಲಿರಬೇಡ, ಒಲೆ ಹಚ್ಚಿದೆ, ಚಾಪೆ ಹಾಸಿದೆ, ಬಿಸಿ ಅನ್ನ ಇದೆ, ಬಾ. ಎಷ್ಟು ಹೊತ್ತು ಕರೆದಳೋ. ಒಮ್ಮೆ ಬಲೆ ಎತ್ತಿದಾಗ ತಾತ ಅವಳ ತೋಳು ಹಿಡಿದು ತಡೆದ. ಒಂದು ಬೂದು ಜೇಡ ಬಲೆಯ ಅಂಚಿನಿಂದ ಒಳಗಿಳಿದು ನಡುವೆ ಕಾಲು ಮಡಚಿ ಕೂತಿತ್ತು. ಚಾನ್‌ಸೋಮ್ ಅದರ ಮೇಲೆ ಅಮ್ಮನ ಅಂಗಿ ಮುಚ್ಚಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡಳು.

ಗಾಡಿಯ ಮುಂದೆ ಹಾದುಹೋಗುವಾಗ ಅವಳು ನಿಲ್ಲಲಿಲ್ಲ. "ಈ ಗಾಡಿಗೆ ನಮ್ಮಮ್ಮನ ಹತ್ತಿಸಲ್ಲ" ಎಂದಳು, ಅಷ್ಟೇ. ತಾತನ ಕೈ ಹಿಡಿದು ನಡೆದೇ ಹೊರಟಳು. ಇನ್‌ಸೋನ್ ಗಾಡಿಯನ್ನು ಅಲ್ಲೇ ಬಿಟ್ಟು ಅವರ ಹಿಂದೆ ದೂರದಲ್ಲಿ ನಡೆದ. ಅವಳು ಪ್ರತಿ ತಿರುವಿಗೂ ಅಂಗಿಯೊಳಗಿನದಕ್ಕೆ ದಾರಿ ಹೇಳುತ್ತಿದ್ದಳು. ಇಲ್ಲಿ ಎಡಕ್ಕೆ, ಅಮ್ಮ. ಇದು ಸೇತುವೆ. ಇದು ನಮ್ಮ ಗದ್ದೆ. ಅವನು ನಡೆಯುತ್ತ, ಅಜ್ಜಿಯ ಮುಂದೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ತಪ್ಪಾಯಿತು ಎಂಬುದರಿಂದ ಶುರುಮಾಡಿ, ಅಡ್ಡಬಿದ್ದು, ಎಲ್ಲವನ್ನೂ ಹೇಳುವುದು.

ಅವರು ಕಂಬಗಳ ಮೇಲೆ ನಿಂತ ಮನೆಯ ಮೆಟ್ಟಿಲು ಹತ್ತಿದರು. ಅವನು ಕೆಳಗೆ ಮೆಟ್ಟಿಲ ಬುಡದಲ್ಲಿ ಕೂತ. ಮೇಲೆ ಮಂತ್ರ ಕೇಳಿಸಿತು. ಖ್ವಾನ್ ಮತ್ತೆ ಹೋಗದಂತೆ ಮಣಿಕಟ್ಟಿಗೆ ದಾರ ಕಟ್ಟುವಾಗಿನ ಹಾರೈಕೆ ಕೇಳಿಸಿತು. ಆಮೇಲೆ ಒಣಗಿದ ಗಂಟಲಿನ ಒಂದು ದನಿ, ಗಂಜಿಗೆ ಉಪ್ಪು ಹಾಕಿಲ್ಲ ಎಂದು ಮಗಳನ್ನು ಗದರಿತು.

ಇನ್‌ಸೋನ್ ಎದ್ದು ನಿಂತ. ಚಾನ್‌ಸೋಮ್ ಮೆಟ್ಟಿಲ ತುದಿಗೆ ಬಂದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅವನು ಎರಡು ಮೆಟ್ಟಿಲು ಹತ್ತಿ, ಕೈ ಮುಗಿದು, ದಾರಿಯುದ್ದಕ್ಕೂ ಕಲಿತ ಮಾತಿಗೆ ಬಾಯಿ ತೆರೆದ. ಅವಳು ತುಟಿಯ ಮೇಲೆ ಬೆರಳಿಟ್ಟು ಅವನನ್ನು ತಡೆದಳು.

"ಮಾತಾಡ್ಬೇಡ," ಎಂದು ಪಿಸುಗುಟ್ಟಿದಳು. "ಈಗಷ್ಟೇ ಬಂದಿದೆ. ನಿನ್ನ ದನಿ ಕೇಳಿದ್ರೆ ಮತ್ತೆ ಓಡಿಹೋಗುತ್ತೆ."

ಅವನು ಬಾಯಿ ಮುಚ್ಚಿದ. ಮೆಟ್ಟಿಲ ಮೇಲೆ ಸದ್ದಾಗದ ಹಾಗೆ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಕೆಳಗಿಳಿದ.