ಹೊನ್ನಿಯ ಕದಿರು

ಸೆಪ್ಟೆಂಬರ್ ಎಂಟಕ್ಕೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಅಂದು ಹೊಸ ಭತ್ತದ ಕದಿರನ್ನು ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಅದರ ಕಾಳನ್ನು ಪಾಯಸಕ್ಕೆ ಹಾಕಿ ಉಣ್ಣುವ ತನಕ ಕಡಲ ಬದಿಯ ಕೇಣಿ ಊರಿನ ಕ್ರೈಸ್ತರ ಮನೆಯಲ್ಲಿ ಹೊಸ ಅಕ್ಕಿ ಬೇಯುವುದಿಲ್ಲ. ಆದರೆ ಅವರಲ್ಲಿ ಗದ್ದೆ ಇದ್ದವರು ಯಾರೂ ಇರಲಿಲ್ಲ. ಕೆಲವರು ದೋಣಿ ನಂಬಿದವರು, ಕೆಲವರು ಕಾರವಾರದ ನೌಕಾನೆಲೆಯ ಕೆಲಸ ನಂಬಿದವರು. ಕದಿರು ಬರುತ್ತಿದ್ದುದು ಹಾಲಕ್ಕಿ ಒಕ್ಕಲಿಗರ ಹೊನ್ನಿಯ ಗದ್ದೆಯಿಂದ. ಅವಳು ಬುಟ್ಟಿಯನ್ನು ಇಗರ್ಜಿಯ ಗೇಟಿನಲ್ಲಿ ಸೆವ್ರಿನಾಳ ಕೈಗಿತ್ತು ಹಿಂದಿರುಗುವಳು. ಇಗರ್ಜಿ ಗುಡಿಸಿ, ಬಲಿಪೀಠವಾದ ಅಲ್ತಾರಿಗೆ ಹೂವಿಡುವ ಸೆವ್ರಿನಾ ಅದನ್ನು ಒಳಗೆ ಒಯ್ಯುವಳು. ಕದಿರ ಕಟ್ಟಿನ ಮೇಲೆ ಹೊನ್ನಿಯ ಗದ್ದೆಪೂಜೆಯ ಕುಂಕುಮ ಇರುತ್ತಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ, ಕಾಯ್ತಾನ ಕುವೈತಿನಿಂದ ಮರಳಿ ಇಗರ್ಜಿಯ ಸಮಿತಿಗೆ ಮುಖ್ಯಸ್ಥನಾಗುವ ತನಕ.

"ಬೇರೆ ದೇವರಿಗೆ ಇಟ್ಟದ್ದು ನಮ್ಮ ಅಲ್ತಾರಿಗೆ ಬೇಡ" ಎಂದ ಕಾಯ್ತಾನ, ಸಮಿತಿಯ ಸಭೆಗೆ ಸೆವ್ರಿನಾಳನ್ನು ಕರೆಸಿ. "ಪೂಜೆ ಮಾಡ್ದೆ ಕೊಯ್ದು ಕೊಡೂಕೆ ಹೇಳು ಅವಳಿಗೆ. ಇಲ್ದಿದ್ರೆ ಬೇರೆ ಕಡೆಯಿಂದ ತರ್ವಾ."

ಸೆವ್ರಿನಾ ಮೊದಲೇ ಮಾತು ಕಡಿಮೆಯವಳು. ತಲೆಯಾಡಿಸಿ ಗದ್ದೆಗೆ ಹೋದಳು.

ಹೊನ್ನಿ ಕೇಳಿ ನಕ್ಕೇಬಿಟ್ಟಳು. "ಅನ್ನ ಕೊಡೂ ಭೂಮ್ತಾಯಿಗೆ ಒಂದ್ ಮಾತು ಹೇಳ್ದೆ ಕತ್ತಿ ಹಾಕೂದಾ? ಅದು ಕಳ್ತನ ಅಲ್ದಾ, ಸೆವ್ರಿನಾಬಾಯಿ? ನಿಮ್ಮ ದೇವ್ರು ಕದ್ದ ಕದಿರು ತಗೊಳ್ತ್ರಾ?"

ಸೆವ್ರಿನಾಳಿಗೂ ನಗು ಬಂತು. ನಗು ಇಳಿದ ಮೇಲೆ ಮನಸ್ಸು ತಿಳಿಯಾಯಿತು. ಇಷ್ಟು ವರ್ಷ ಇವಳ ಬೆಳೆಯನ್ನು ಒಳಗೆ ಕರೆದು, ಇವಳನ್ನು ಗೇಟಿನಿಂದಲೇ ಕಳಿಸಿದ್ದೇವಲ್ಲ ಎನಿಸಿತು.

"ನಿನ್ನ ಪದ್ಧತಿ ಹಾಂಗೇ ಕೊಯ್ಯಿ. ಆದ್ರೆ ಈ ಸಲ ಒಳಗೆ ಬಾ. ಬುಟ್ಟಿ ನೀನೇ ಹೊರು."

"ನಾನಾ? ಈ ಮಣಿಸರ ಎಲ್ಲ ಹಾಕ್ಕಂಡಾ?"

"ಹಾಕ್ಕಂಡೇ ಬಾ."

ಹಬ್ಬದ ಬೆಳಿಗ್ಗೆ ಹೊನ್ನಿ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದಾಗ ಕಾಯ್ತಾನ ಬಾಗಿಲಿಗೆ ಅಡ್ಡ ನಿಂತ. ಅವನ ಹಿಂದೆ ತೀರ್ಥದ ಪಾತ್ರೆ ಹಿಡಿದ ಫಾದರ್ ಲಿಗೋರ್ ಇದ್ದರು. ಮಕ್ಕಳ ಹಾಡು ಅರ್ಧಕ್ಕೇ ನಿಂತಿತು.

"ಸೆವ್ರಿನ್, ನಾ ಹೇಳಿದ್ದು ಅರ್ಥ ಆಗ್ಲಿಲ್ವಾ? ಕುವೈತಲ್ಲಿ ಬಾಗ್ಲು ಹಾಕ್ಕಂಡು ಪ್ರಾರ್ಥನೆ ಮಾಡಿ ನಂಬಿಕೆ ಉಳಿಸ್ಕಂಡವ ನಾನು. ಇಲ್ಲಿ ಸ್ವಂತ ಊರಲ್ಲಿ ಅದನ್ನ ಎಲ್ಲದ್ರ ಜೊತೆ ಬೆರೆಸ್ಬೇಕಾ?"

ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಸೆವ್ರಿನಾ ಹೊನ್ನಿಯ ಪಕ್ಕಕ್ಕೆ ಬಂದು ನಿಂತಳು.

"ಬೆರೆಸೂದು ಬೇಡ, ಮಾಮಾ. ಅವಳ ಮಾತು ಅವಳು ಗದ್ದೇಲೇ ಹೇಳಿ ಬಂದಾಳೆ. ನಮ್ಮ ಮಾತು ನಾವಿಲ್ಲಿ ಗಟ್ಟಿಯಾಗಿ ಹೇಳ್ವಾ. ಯೇಸುವಿನ ಹೆಸರನ್ನೇ ಹೇಳ್ವಾ. ಇಷ್ಟೇ ಇಷ್ಟು ಕುಂಕುಮಕ್ಕೆ ದೇವ್ರು ಹೆದರೂದಿಲ್ಲ. ಅಕ್ಕಿ ಒಳಗೆ ಬರ್ಬೇಕು, ಬೆಳೆದೋಳು ಹೊರಗೇ ನಿಲ್ಬೇಕು ಅಂದ್ರೆ ಇದು ಯಾರ ಮನೆ? ದೇವ್ರದ್ದಂತೂ ಅಲ್ಲ."

"ನೀನು ಉಪದೇಶ ಮಾಡೂಕೆ ಶುರು ಮಾಡ್ದ್ಯಾ ಈಗ?"

"ಭಾರ ಆಗ್ತದೆ, ಬಾಯಿ" ಎಂದಳು ಹೊನ್ನಿ. "ಮಾತು ಮುಗ್ಸಿ, ಇಲ್ಲಾ ಬುಟ್ಟಿ ಹಿಡೀರಿ."

ಒಳಗೆ ಯಾರೋ ಕಿಸಕ್ಕೆಂದರು. ಫಾದರ್ ಮುಂದೆ ಬಂದರು. "ಕಾಯ್ತಾನ, ನಿನ್ನ ನಂಬಿಕೆ ಬಗ್ಗೆ ನಂಗೆ ಸಂಶಯ ಇಲ್ಲ. ಬಾಗ್ಲು ಬಿಡು. ಸೆವ್ರಿನ್ ಸರಿಯಾಗೇ ಹೇಳಿದ್ಲು."

ಕಾಯ್ತಾನ ಸರಿದ. ಹೊನ್ನಿ ನಡುದಾರಿಯಲ್ಲಿ ನಡೆದು ಬುಟ್ಟಿಯನ್ನು ಅಲ್ತಾರಿನ ಕೆಳಗೆ ಇಳಿಸಿದಳು. ಫಾದರ್ ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸಿದರು. ಸೆವ್ರಿನಾ ಎಂದೂ ಇಲ್ಲದಷ್ಟು ಗಟ್ಟಿಯಾಗಿ ಆಮೆನ್ ಎಂದಳು. ಕದಿರು ಹಂಚುವಾಗ ಫಾದರ್ ಮೊದಲನೆಯದನ್ನು ಹೊನ್ನಿಗೇ ಚಾಚಿದರು.

"ನನ್ನ ಗದ್ದೇದು ನಂಗೇ ಕೊಡ್ತ್ರಿ!" ಎಂದು ಅವಳು ಸೆರಗೊಡ್ಡಿದಳು. ಇಗರ್ಜಿ ತುಂಬ ನಗು.

ಕೊನೆಯಲ್ಲಿ ಕಾಯ್ತಾನನೂ ಬಂದ. ಅವನ ಪಾಲಿನ ಕದಿರಿಗೆ ಕುಂಕುಮದ ಕೆಂಪು ಹತ್ತಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದು, ಕದಿರನ್ನು ಕರ್ಚೀಫಿನಲ್ಲಿ ಜೋಪಾನವಾಗಿ ಸುತ್ತಿಕೊಂಡ. ಸೆವ್ರಿನಾ ಅದನ್ನು ನೋಡಿದಳು. ಕೆರೆದರೆ ಕೆರೆದುಕೊಳ್ಳಲಿ, ಅವನ ಮನೆಯ ಪಾಯಸಕ್ಕೂ ಇಂದು ಹೊನ್ನಿಯ ಭತ್ತವೇ.