ಕಾನೂನಿಗೆ ಏಳು ವರ್ಷ, ಅನಂತ ಭಟ್ಟರಿಗೆ ಹನ್ನೆರಡು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಗಂಗೆಯಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಕರಾರುಪತ್ರದಿಂದ ಶುರು ಮಾಡಿದರೆ ಪುಟ ತಿರುವುತ್ತೀರಿ. ಆದರೂ ಕರಾರುಪತ್ರವೇ ಇರಲಿ.

೧೯೫೮ರಲ್ಲಿ ಗಣಪತಿ ಭಟ್ಟರು, ಅನಂತ ಭಟ್ಟರು ಎಂಬ ಇಬ್ಬರು ಪುರೋಹಿತರು ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಕನ್ನಡನಾಡಿನಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸಲು ಪಾರ್ಟ್ನರ್‌ಶಿಪ್ ಮಾಡಿಕೊಂಡರು. (ನಗಬೇಡಿ. ಡಾಕ್ಟರು, ವಕೀಲರು ಮಾಡಿಕೊಳ್ಳುವಂಥದ್ದೇ, ಸ್ಟಾಂಪ್ ಕಾಗದದ ಮೇಲೆ.) ಕೋಣೆಯ ವಿಷಯದಲ್ಲಿ ಇಬ್ಬರ ಸಹಿಯೂ ಬೇಕು ಎಂದು ಬರೆಸಿದರು. ಒಬ್ಬರು ಸತ್ತರೆ, ಕಾಣೆಯಾದರೆ ಏನು ಎಂಬ ಕಲಮನ್ನು ವಕೀಲರು ಸೇರಿಸಹೊರಟಾಗ ಇಬ್ಬರೂ ಕಿವಿ ಮುಚ್ಚಿಕೊಂಡು, “ಶಿವ ಶಿವ, ಅಮಂಗಳ,” ಎಂದು ಹೊಡೆದುಹಾಕಿಸಿದರು. ದಿನವಿಡೀ ಸತ್ತವರ ಹೆಸರು ಹೇಳಿಸುವವರು, ತಮ್ಮ ಹೆಸರಿನ ಪಕ್ಕ ಸಾವು ಎಂಬ ಶಬ್ದ ಬರೆಸಲು ಹೆದರಿದರು.

೩
(ಎರಡನೆಯದನ್ನು ಹರಿದುಹಾಕಿದೆ. ಅದರಲ್ಲಿ ವರ್ಣನೆ ಜಾಸ್ತಿಯಾಗಿತ್ತು.)

೧೯೬೯ರ ಮಾಘದಲ್ಲಿ ಗಣಪತಿ ಭಟ್ಟರು ಯಾತ್ರಿಕರ ಜೊತೆ ಗಂಗೆಯ ತಂಬಿಗೆ ಹಿಡಿದು ರಾಮೇಶ್ವರಕ್ಕೆ ಹೊರಟರು. (ಗಂಗೆ ಬಂದೇ ಬಿಟ್ಟಿತು, ಕ್ಷಮಿಸಿ.) ಮದರಾಸಿನಲ್ಲಿ ರೈಲು ಬದಲಿಸುವಾಗ ಅವರು ಇರಲಿಲ್ಲ. ಯಾಕೆ? ಜ್ವರ, ಸನ್ಯಾಸ, ಇನ್ನೊಬ್ಬ ಹೆಂಗಸು, ಎಲ್ಲವನ್ನೂ ಬರೆದು ನೋಡಿದೆ. ಯಾವುದೂ ಆ ಮನುಷ್ಯನಿಗೆ ಹೊಂದಲಿಲ್ಲ.

ಈಗ ೧೯೭೬. ಕೋಣೆಯ ಮಾಲೀಕನ ಮಗ ಹೊಸ ಕರಾರು ತಂದಿದ್ದಾನೆ. ಶುಕ್ರವಾರದೊಳಗೆ ಇಬ್ಬರೂ ಸಹಿ ಹಾಕಬೇಕು, ಇಲ್ಲವಾದರೆ ಖಾಲಿ ಮಾಡಬೇಕು. ಪಾಲುದಾರಿಕೆ ಮುರಿಯೋಣವೆಂದರೆ ನೋಟಿಸು ಗಣಪತಿ ಭಟ್ಟರ ಕೈಸೇರಬೇಕು. ಯಾವ ವಿಳಾಸಕ್ಕೆ ಕಳಿಸುವುದು?

“ಪಂಡಿತ್‌ಜೀ, ಸಾತ್ ಸಾಲ್ ಹೋ ಗಯೇ,” ಎಂದರು ಸೋನಾರ್‌ಪುರದ ವಕೀಲರು. ಏಳು ವರ್ಷ ಸುದ್ದಿಯಿಲ್ಲದವನನ್ನು ಕಾನೂನು ಸತ್ತವನೆಂದೇ ತಿಳಿಯುತ್ತದೆ. ಅನಂತ ಭಟ್ಟರೂ ಗಣಪತಿ ಭಟ್ಟರ ಹೆಂಡತಿಯೂ, ತಮಗೆ ಸುದ್ದಿಯಿಲ್ಲ ಎಂದು ಅಫಿಡವಿಟ್ಟಿಗೆ ಸಹಿ ಹಾಕಿದರೆ ಸಾಕು. ಪಾಲುದಾರಿಕೆ ಮುಗಿದಂತೆ, ಅನಂತ ಭಟ್ಟರೊಬ್ಬರ ಸಹಿಗೇ ಕೋಣೆ ಉಳಿದಂತೆ.

“ನಮ್ಮ ಶಾಸ್ತ್ರದಾಗೆ ಹನ್ನೆರಡು ವರ್ಷ, ವಕೀಲ್ ಸಾಬ್. ಅಲ್ಲೀವರೆಗೂ ಬದುಕಿದಾನೆ ಅಂತಲೇ ಲೆಕ್ಕ. ಆಮೇಲೆ ದರ್ಭೆ ಬೊಂಬೆ ಮಾಡಿ ಸುಡೋದು,” ಎಂದು ಅನಂತ ಭಟ್ಟರು ಕನ್ನಡದಲ್ಲಿ ಹೇಳಿ, ನೆನಪಾಗಿ ಹಿಂದಿಯಲ್ಲಿ ಮತ್ತೆ ಹೇಳಿದರು.

“ಕಚಹರೀ ಮೇಂ ಶಾಸ್ತ್ರ್ ನಹೀಂ ಚಲತಾ,” ಕೋರ್ಟಿನಲ್ಲಿ ಶಾಸ್ತ್ರ ನಡೆಯುವುದಿಲ್ಲ, ಎಂದರು ವಕೀಲರು.

ಅಂತ್ಯ, ಮೊದಲನೆಯದು
ಗಣಪತಿ ಭಟ್ಟರು ಕಾಶಿಯ ಅಸ್ಸಿ ಘಾಟಿನಲ್ಲಿ ದೋಣಿಯಿಂದ ಇಳಿಯುತ್ತಾರೆ. ಇಷ್ಟು ಬರೆಯುವಷ್ಟರಲ್ಲಿ ಅವರ ಹೆಂಡತಿ ಅಂಬುಜಾಕ್ಷಿ ನನ್ನ ಮೇಲೆ ಹರಿಹಾಯ್ದಳು.

“ಸುಮ್ನೆ ಕರೆಸಬೇಡಿ. ನೀವು ಕರೆಸಿದ್ರೆ ನಿಮ್ಮ ಕಥೆ ಮುಗಿದ ಕೂಡಲೇ ಮತ್ತೆ ಹೋಗ್ಬಿಡ್ತಾರೆ. ಇನ್ನೊಂದು ಸಲ ಆ ದುಃಖ ತಡೆಯೋಕೆ ನನ್ನ ಕೈಲಿ ಆಗಲ್ಲ.”

ದೋಣಿಯನ್ನು ವಾಪಸ್ ಕಳಿಸಿದೆ.

ಅಂತ್ಯ, ಇನ್ನೊಂದು
ಅನಂತ ಭಟ್ಟರು ಸಹಿ ಹಾಕುತ್ತಾರೆ. (ಹಾಕಲಿಲ್ಲ. ನನ್ನೊಡನೆ ವಾದಕ್ಕೆ ನಿಂತರು.)

“ಅರ್ಧ ಮಂತ್ರ ಗಣಪತಣ್ಣ ಹೇಳ್ತಿದ್ದ, ಅರ್ಧ ನಾನು. ಈಗಲೂ ಅವನ ಅರ್ಧ ಬಂದಾಗ ನಿಲ್ಲಿಸ್ತೀನಿ. ಪಂಡಿತರು ಮರೆತ್ರು ಅಂತ ಯಾತ್ರಿಕರು ಮುಖ ನೋಡ್ತಾರೆ. ಸಹಿ ಹಾಕಿದ್ರೆ ನಾಳೆ ಅವನ ಹೆಸರಿಗೂ ಎಳ್ಳುನೀರು ಬಿಡ್ಬೇಕಲ್ಲ ಸ್ವಾಮಿ, ಹೇಗೆ ಬಿಡ್ಲಿ?”

“ಕೋಣೆ ಹೋಗುತ್ತದೆ,” ಎಂದೆ. ನನಗೂ ಕಥೆ ಮುಗಿಸುವ ಆತುರವಿತ್ತು.

ಗುರುವಾರ ಅವರು ಅಫಿಡವಿಟ್ ಹಿಡಿದು ಅಂಬುಜಾಕ್ಷಿಯ ಬಾಗಿಲಿಗೆ ಹೋದರು. ಅವಳ ಹಣೆಯ ಕುಂಕುಮ ನೋಡಿ ತಲೆ ತಗ್ಗಿಸಿದರು. ಕೇಳಲೇಬೇಕಿತ್ತು, ಕೇಳಿದರು.

“ಅತ್ತಿಗೆ, ಈ ಏಳು ವರ್ಷದಾಗೆ ಅಣ್ಣನ ಕಾಗದ ಏನಾದ್ರೂ ಬಂದಿತ್ತಾ?”

ಅವಳು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ಬಂದಿತ್ತು ಅಂದ್ರೆ, ಬದುಕಿದ್ದೂ ನನ್ನ ಬಿಟ್ಟು ಹೋದ್ರು ಅಂತಾಯ್ತು. ಬಂದಿಲ್ಲ ಅಂದ್ರೆ ಸತ್ರು ಅಂತಾಯ್ತು. ಬರೆಯೋರು ನೀವು. ಯಾವುದನ್ನ ಹೇಳ್ಲಿ?”

ಅನಂತ ಭಟ್ಟರು ಅಫಿಡವಿಟ್ಟನ್ನು ಮಡಿಸಿದರು.

“ಏನೂ ಹೇಳಬೇಡಿ ಅತ್ತಿಗೆ. ನಮಗೆ ಇನ್ನೂ ಐದು ವರ್ಷ ಇದೆ.”

ಕೋಣೆ ಹೋಯಿತೇ ಎಂದು ಕೇಳುತ್ತೀರಿ. ಹೋಯಿತು. ಅನಂತ ಭಟ್ಟರು ಈಗ ಅಸ್ಸಿಯ ಮೆಟ್ಟಿಲ ಮೇಲೆ ಕೂರುತ್ತಾರೆ, ಬಿಸಿಲು ಬಂದರೆ ಜಾಗ ಬದಲಿಸುತ್ತಾರೆ. ಕಾಗದ ಬಂದಿತ್ತೇ? ಗೊತ್ತಿಲ್ಲ. ಬರೆದವನಿಗೇ ಗೊತ್ತಿಲ್ಲವೆಂದರೆ ಹೇಗೆ ಎಂದು ಜಗಳಕ್ಕೆ ಬರಬೇಡಿ. ಗಣಪತಿ ಭಟ್ಟರು ಬರಲಿ ಎಂದು ನನಗೂ ಆಸೆಯಿದೆ, ನಿಮಗಿಂತ ಹೆಚ್ಚೇ ಇದೆ.

ಹನ್ನೆರಡು ತುಂಬಿದ ಮೇಲೆ ಏನು ಮಾಡುತ್ತೀರಿ ಎಂದು ಅಂಬುಜಾಕ್ಷಿಯನ್ನು ಕೇಳಿದೆ.

“ಅದನ್ನ ಆಗ ಕೇಳಿ,” ಎಂದಳು. “ಇವತ್ತಿನ ಟಪಾಲು ಇನ್ನೂ ಬಂದಿಲ್ಲ.”