ನೀಲಿ ಕೊಡೆ, ಹಳದಿ ಕೊಡೆ

ಮಧ್ಯಾಹ್ನ ಮನೆಗೆ ಹೋಗಿ ಮರಳುತ್ತಿದ್ದವಳು ತಿರುವು ದಾಟುತ್ತಲೇ ಗಕ್ಕನೆ ನಿಂತಳು. ಫುಟ್‌ಪಾತಿನಲ್ಲಿ ಅವಳು ಸಿಮ್ ಮಾರುವ ನೀಲಿ ಕೊಡೆಯ ಮುಂದೆ ಹೆಲ್ಮೆಟ್ ಹಿಡಿದ ಗಂಡಸೊಬ್ಬ ನಿಂತಿದ್ದ. ಬೆನ್ನಿನ ಚೀಲದ ಮೇಲೆ ಅವಳದೇ ಕಂಪನಿಯ ಹೆಸರು. ಹೊಸ ಸೂಪರ್‌ವೈಸರ್! ಇದುವರೆಗೆ ಫೋನಿನಲ್ಲಿ ದನಿಯಾಗಿ ಮಾತ್ರ ಗೊತ್ತಿದ್ದ ಆಸಾಮಿ. "ಗಿರಾಕಿಗಳೆಲ್ಲ ಹಳದಿ ಕಂಪನಿಗೆ ಹೋಗ್ತಿದಾರೆ. ಯಾವ ಕೊಡೆ ಖಾಲಿ ಕಾಣುತ್ತೋ ಅದನ್ನ ಅಲ್ಲೇ ಮಡಚಿಸ್ತೀನಿ" ಎಂದು ನಿನ್ನೆಯಷ್ಟೇ ಗುಡುಗಿದ್ದ. ಕೊಡೆ ಮಡಚಿದರೆ ಕೆಲಸವೂ ಹೋದಂತೆ. ಮನೆಯಲ್ಲಿ ಮೆಟ್ಟಿಲು ಜಾರಿ ಸೊಂಟ ಮುರಿದುಕೊಂಡ ಗಂಡ. ಅವಳ ಸಂಬಳದ ಮೇಲೇ ಒಲೆ ಉರಿಯಬೇಕು. ಮಧ್ಯಾಹ್ನ ಓಡಿಹೋಗಿ ಅವನಿಗೆ ಉಣಿಸಿ, ಮಗ್ಗುಲು ಬದಲಿಸಿ ಬರುವುದು ದಿನದ ಪಾಡು.

ಆದರೆ ಕೊಡೆ ಖಾಲಿಯಿರಲಿಲ್ಲ. ಅವಳ ನೀಲಿ ಕೋಟು ತೊಟ್ಟು, ದೂಳಿಗೆಂದು ಹಾಕುವ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡು, ಪಕ್ಕದ ಹಳದಿ ಕೊಡೆಯ ಹುಡುಗಿ ಕೂತಿದ್ದಳು!

ಆ ಎರಡು ಕಂಪನಿಗಳು ಹಾವು ಮುಂಗುಸಿ. ಒಬ್ಬರು ದರ ಇಳಿಸಿದರೆ ಇನ್ನೊಬ್ಬರು ಸಿಮ್ಮನ್ನೇ ಪುಕ್ಕಟೆ ಹಂಚುತ್ತಾರೆ. ಫುಟ್‌ಪಾತಿನ ಮೇಲೆ ಮಾತ್ರ ಬೇರೆಯೇ ಕಾನೂನು: ಒಬ್ಬಳು ಎದ್ದು ಹೋದರೆ ಇನ್ನೊಬ್ಬಳು ಎರಡೂ ಕೊಡೆ ಕಾಯಬೇಕು. ಕಾಯುವುದೆಂದರೆ ಬಂದವರನ್ನು "ಇರಿ, ಈಗ ಬರ್ತಾರೆ" ಎಂದು ನಿಲ್ಲಿಸಿಕೊಳ್ಳುವುದು, ಅಷ್ಟೇ. ಕೋಟು ತೊಡುವುದು ಕರಾರಿನಲ್ಲಿ ಇರಲಿಲ್ಲ.

"ಆ ಹಳದಿಯವರದು ಬರೀ ಬಾಯಿ ಸಾರ್," ಹುಡುಗಿ ತನ್ನ ಅನ್ನದಾತರನ್ನೇ ಹಿಗ್ಗಾಮುಗ್ಗಾ ಬೈಯುತ್ತಿದ್ದಳು. "ಲಿಫ್ಟೊಳಗೆ ಹೋದ್ರೆ ಸಿಗ್ನಲ್ ಹೋಗಿ ಹಲೋ ಅನ್ನೋಕೂ ಆಗಲ್ಲ." ಪಕ್ಕದ ಹಳದಿ ಕೊಡೆಯಡಿ ನರಪಿಳ್ಳೆಯಿರಲಿಲ್ಲ. ಅಲ್ಲಿಗೆ ಬಂದ ಗಂಡಹೆಂಡತಿ ಇಣುಕಿ ನೋಡಿ, ಗೊಣಗಿ ಹೊರಟುಹೋದರು. ಹುಡುಗಿ ಅದನ್ನು ಕಂಡಳು. ಆದರೂ ಕೂತಲ್ಲಿಂದ ಏಳಲಿಲ್ಲ.

ಇವಳು ಕಣ್ಣಿಗೆ ಬಿದ್ದದ್ದೇ ತಡ, "ಬನ್ನಿ ಅಕ್ಕ, ಬನ್ನಿ! ನಂಬರ್ ಬದಲಾಯಿಸದೆ ನಮ್ಮ ಕಂಪನಿಗೆ ಬರ್ತೀನಿ ಅಂದಿದ್ರಲ್ಲ?" ಎಂದು ಕಣ್ಣು ಮಿಟುಕಿಸಿದಳು.

ಅವಳು ತನ್ನದೇ ಕೊಡೆಯ ಮುಂದೆ ಗಿರಾಕಿಯಾಗಿ ನಿಂತಳು. ಸೂಪರ್‌ವೈಸರ್ ಅವಳ ಮುಖ ನೋಡಿದ, ಕತ್ತಿನತ್ತ ನೋಡಿದ, ಮತ್ತೆ ಮುಖ ನೋಡಿದ.

"ಈಗ ಯಾವ ಕಂಪನೀದು ಇದೆ ಮೇಡಂ?"

"ಹಳದೀದು." ಅದೇನೂ ಸುಳ್ಳಲ್ಲ.

"ನಮ್ಮದು ಯಾಕೆ ಬೇಡ ಅನಿಸ್ತು?"

ನೌಕರಿಯವಳಾಗಿ ಆಡಲಾಗದ ಮಾತು ಗಿರಾಕಿಯ ಬಾಯಲ್ಲಿ ಸಲೀಸಾಗಿ ಬಂತು. "ಮನೇಲಿ ನಿಮ್ಮ ಸಿಗ್ನಲ್ ಸಿಗಲ್ಲ ಸಾರ್. ನಮ್ಮೆಜಮಾನ್ರು ಎದ್ದು ಓಡಾಡೋ ಹಾಗಿಲ್ಲ, ಒಬ್ರೇ ಇರ್ತಾರೆ. ನೀರು ಬೇಕು ಅಂತ ಕರೆದ್ರೂ ನಂಗೆ ಕೇಳ್ಬೇಕಲ್ಲ? ಮಧ್ಯಾಹ್ನ ಒಂದು ಗಳಿಗೆ ಹೋಗಿ ಊಟ ಹಾಕಿ ಬರ್ತೀನಿ. ಉಳಿದ ಹೊತ್ತೆಲ್ಲ ಈ ಫೋನೇ ಗತಿ."

ಆತ ಬೀದಿಯ ಹೆಸರು ಕೇಳಿ ಫೋನಿನಲ್ಲಿ ಬರೆದುಕೊಂಡ. "ಟವರಿನವರಿಗೆ ಹೇಳ್ತೀನಿ. ಅಲ್ಲಿ ತನಕ ಹಳದೀದೇ ಇಟ್ಕೊಳ್ಳಿ." ಆಮೇಲೆ ಹುಡುಗಿಯತ್ತ ತಿರುಗಿ, "ಇನ್ನು ಮಧ್ಯಾಹ್ನದ ಹೊತ್ತು ಈ ಕಡೆ ತಪಾಸಣೆಗೆ ಬರಲ್ಲಮ್ಮ. ಬಿಸಿಲು ಜಾಸ್ತಿ" ಎಂದ. ಹೆಲ್ಮೆಟ್ ಹಾಕಿಕೊಳ್ಳುತ್ತ ಇವಳಿಗೆ, "ಯಜಮಾನ್ರು ಬೇಗ ಎದ್ದು ಓಡಾಡ್ಲಿ" ಎಂದು ಸ್ಕೂಟರ್ ಹತ್ತಿದ.

ಮಾಸ್ಕ್ ಕಿತ್ತು ನಗಲು ಹೊರಟ ಹುಡುಗಿ ತಟಕ್ಕನೆ ನಿಂತಳು. "ಅಕ್ಕಾ, ಕತ್ತು ನೋಡ್ಕೊಳ್ಳಿ."

ಕತ್ತಿನಲ್ಲಿ ನೀಲಿ ಪಟ್ಟಿ; ತುದಿಗೆ ಅವಳ ಫೋಟೋ, ಹೆಸರು, ಕಂಪನಿಯ ಗುರುತು. ಓಡುವ ಅವಸರದಲ್ಲಿ ಕೋಟು ಕಳಚಿಟ್ಟವಳು ಇದನ್ನು ಮರೆತೇಬಿಟ್ಟಿದ್ದಳು.

ಅವಳು ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಗಿರಾಕಿಗಳು ಹೋದ್ರಲ್ಲೇ. ನಿನ್ನ ಉಪಕಾರ ಸಾಯೋ ತನಕ ಮರೆಯಲ್ಲ ಕಣೇ."

"ಹೋಗ್ಲಿ ಬಿಡಿ ಅಕ್ಕ. ನಾಳೆ ಲಿಫ್ಟಲ್ಲಿ ಸಿಕ್ಕಾಕ್ಕೊಂಡು ನಂಗೇ ಬೈತಿದ್ರು."

ಚೌಕದ ಕೆಂಪು ದೀಪಕ್ಕೆ ಸ್ಕೂಟರುಗಳ ಹಿಂಡೇ ನಿಂತಿತ್ತು. ಎಲ್ಲರ ತಲೆಯ ಮೇಲೂ ಹೆಲ್ಮೆಟ್, ಎಲ್ಲರ ಬೆನ್ನಿಗೂ ಚೀಲ; ಅಷ್ಟು ದೂರಕ್ಕೆ ಅದರ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಯಾರು ಆತನೆಂದು ತಿಳಿಯದೆ ಅವಳು ಅಷ್ಟು ಜನಕ್ಕೂ ಕೈ ಮುಗಿದಳು.